ಮರದ್ದು, ಎಲೆಕ್ಟ್ರಿಕ್, ಹೈಡ್ರಾಲಿಕ್: ರೋಟರಿ ಎಂಜಿನ್ ವಿಮಾನಕ್ಕೆ ಮೂರೂ ಪ್ರೊಪೆಲ್ಲರ್ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೈಡ್ರಾಲಿಕ್‌ಗೆ. ಮೂರರಲ್ಲಿ ಜಾಸ್ತಿ ಕಾಟ ಕೊಟ್ಟಿದ್ದೂ ಅದೇ. ಒಂದು ಇಡೀ ಹಾರಾಟದ ಸೀಸನ್ ಅದರ ಹಿಂದೆ ಹೋಯಿತು. ಆದರೂ ಇವತ್ತು ನನ್ನ ವಿಮಾನದ ಮೂತಿಯಲ್ಲಿ ಇರುವುದು ಅದೇ, ನಾಳೆ ಇನ್ನೊಂದು ಕಟ್ಟಿದರೂ ಅದನ್ನೇ ಹಾಕುತ್ತೇನೆ. ಕೊಳ್ಳುವ ಕ್ರಮ ಮಾತ್ರ ಉಲ್ಟಾ ಮಾಡುತ್ತೇನೆ: ಮೊದಲು ಗೇರ್‌ಬಾಕ್ಸ್, ಆಮೇಲೆ ಪ್ರೊಪೆಲ್ಲರ್. ನಾನು ಪ್ರೊಪೆಲ್ಲರ್ ಮೊದಲು ತಂದು, ಗೇರ್‌ಬಾಕ್ಸ್ ಹೇಗೋ ಹೊಂದಿಸಿಕೊಳ್ಳೋಣ ಅಂದುಕೊಂಡೆ. ತೊಂದರೆ ಎಲ್ಲ ಶುರುವಾಗಿದ್ದು ಅಲ್ಲೇ.

ರೋಟರಿ ಅಂದ ತಕ್ಷಣ ಕೆಲವರು ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರ್‌ಗಳೇ ಸುತ್ತುತ್ತಿದ್ದ ಎಂಜಿನ್ ನೆನೆಸಿಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಪಿಸ್ಟನ್ ಬದಲು ತ್ರಿಕೋನದ ರೋಟರ್ ಸುತ್ತುವ ವ್ಯಾಂಕೆಲ್ ಎಂಜಿನ್, ಅದರಲ್ಲೂ ಮಜ್ದಾ 13ಬಿ ಕುಟುಂಬದ್ದು. ನನ್ನದು ಆರ್‌ಎಕ್ಸ್-8 ಕಾರಿನಿಂದ ಬಂದ ರೆನೆಸಿಸ್, ತಲಾ 654 ಸಿಸಿಯ ಎರಡು ರೋಟರ್. ಅದರ ಮುಂದೆ 2.85ಕ್ಕೆ 1ರ ಪ್ಲಾನೆಟರಿ ಗೇರ್‌ಬಾಕ್ಸ್. ಎಂಜಿನ್ ನಿಮಿಷಕ್ಕೆ 6000 ಸುತ್ತು ಹೊಡೆದರೆ ಪ್ರೊಪೆಲ್ಲರ್ ಸುಮಾರು 2100 ಹೊಡೆಯುತ್ತದೆ. ಇಬ್ಬರು ಪಕ್ಕಪಕ್ಕ ಕೂರುವ ವಿಮಾನ. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ, ಪ್ರೊಪೆಲ್ಲರ್ ಮಾತ್ರ ಮೂರು ಬಾರಿ ಬದಲಾಯಿತು. ಅದಕ್ಕೇ ಈ ಹೋಲಿಕೆ ಬರೆಯುವ ಧೈರ್ಯ.

ಶುರು ಮಾಡಿದ್ದು ಮರದ ಫಿಕ್ಸೆಡ್ ಪಿಚ್‌ನಿಂದ, ಅಂದರೆ ಪ್ರೊಪೆಲ್ಲರ್‌ನ ರೆಕ್ಕೆಗಳ ಕೋನ (ಪಿಚ್) ಬದಲಾಗದ್ದು. ಹಗುರ, ಅಗ್ಗ, ಕೆಡುವುದಕ್ಕೆ ಒಳಗೆ ಏನೂ ಇಲ್ಲ. ಹಗುರ ಇದ್ದಷ್ಟೂ ಗೇರ್‌ಬಾಕ್ಸ್‌ನ ಹಲ್ಲುಗಳಿಗೆ ನೆಮ್ಮದಿ. ಹೊಸ ಎಂಜಿನ್‌ನ ಮೊದಲ ನಲವತ್ತು ಐವತ್ತು ಗಂಟೆಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅನ್ನುತ್ತೇನೆ. ಆದರೆ ರೋಟರಿಗೆ ಶಕ್ತಿ ಬರುವುದು ಸುತ್ತಿನಿಂದ. ಕಾರಿನಲ್ಲಿ ರೆನೆಸಿಸ್ 8000 ದಾಟಿದ ಮೇಲೆ ತನ್ನ ಪೂರ್ತಿ ಬಲ ಕೊಡುತ್ತದೆ. ನನ್ನ ಮರದ ಪ್ರೊಪೆಲ್ಲರ್ ನಿಂತಲ್ಲಿ ಅದನ್ನು 5400ಕ್ಕಿಂತ ಮೇಲೆ ಬಿಡುತ್ತಲೇ ಇರಲಿಲ್ಲ. ಪಿಚ್ ಕಮ್ಮಿ ಮಾಡಿಸಿದರೆ ಟೇಕಾಫ್ ಸುಧಾರಿಸಿತು, ಕ್ರೂಸ್‌ನಲ್ಲಿ ಎಂಜಿನ್ ಸುಮ್ನೆ ಕಿರುಚತೊಡಗಿತು. ರೋಟರಿಯ ಎಕ್ಸಾಸ್ಟ್ ಸದ್ದು ಗೊತ್ತಿದ್ದವರಿಗೆ ಎರಡು ಗಂಟೆ ಆ ಕಿರುಚಾಟ ಕೇಳಿಸಿಕೊಳ್ಳುವುದು ಎಂಥ ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಎಲೆಕ್ಟ್ರಿಕ್ ಕಾನ್‌ಸ್ಟಂಟ್ ಸ್ಪೀಡ್, ಅಂದರೆ ಇಟ್ಟ ಸುತ್ತು ಹಾಗೇ ಉಳಿಯಲಿ ಅಂತ ಒಂದು ಸಣ್ಣ ಮೋಟಾರು ಹಾರಾಟದಲ್ಲೇ ಪಿಚ್ ಬದಲಿಸುವುದು. ಇದರ ದೊಡ್ಡ ಗುಣ ಒಂದೇ: ಗೇರ್‌ಬಾಕ್ಸ್ ಮುಟ್ಟಬೇಕಿಲ್ಲ. ಶಾಫ್ಟ್ ನಡುವೆ ತೂತಿಲ್ಲದೆ ಗಟ್ಟಿ ಇದ್ದರೂ ನಡೆಯುತ್ತದೆ, ಎಣ್ಣೆ ಬೇಡ, ಆ ಎಣ್ಣೆ ಒತ್ತುವ ಗವರ್ನರ್ ಕೂರಿಸುವ ಜಾಗ ಬೇಡ. ಬೋಲ್ಟ್ ಹಾಕಿ, ತಿರುಗುವ ಪ್ರೊಪೆಲ್ಲರ್‌ಗೆ ಕರೆಂಟ್ ದಾಟಿಸುವ ಬ್ರಷ್ ಹೋಲ್ಡರ್ ಕೂರಿಸಿ, ಕಂಟ್ರೋಲರ್‌ಗೆ ವೈರ್ ಎಳೆದರೆ ಮುಗಿಯಿತು, ವಾರಾಂತ್ಯದ ಕೆಲಸ. ಇನ್ನೊಂದು ಒಳ್ಳೆಯ ಮಾತೂ ಹೇಳಲೇಬೇಕು. ಕರೆಂಟ್ ಹೋದರೆ ಪ್ರೊಪೆಲ್ಲರ್ ರೆಕ್ಕೆಗಳು ಯಾವ ಕೋನದಲ್ಲಿದ್ದವೋ ಅದೇ ಕೋನದಲ್ಲಿ ಉಳಿಯುತ್ತವೆ. ನನಗೂ ಒಮ್ಮೆ ಹಾಗೆ ಆಯಿತು. ಗೇರ್‌ಬಾಕ್ಸ್‌ನ ಮುಂದಿನ ಸೀಲ್‌ನಿಂದ ಎಣ್ಣೆ ಜಿನುಗಿ, ಬ್ರಷ್‌ನ ಕಾರ್ಬನ್ ಪುಡಿ ಜೊತೆ ಸೇರಿ, ಬ್ರಷ್ ಉಜ್ಜುವ ಸ್ಲಿಪ್ ರಿಂಗ್ ಮೇಲೆ ಕಪ್ಪು ಅಂಟು ಕೂತಿತ್ತು. ಪಿಚ್ ಕ್ರೂಸ್‌ನಲ್ಲೇ ಅಂಟಿಕೊಂಡಿತು. ಏನೂ ಗಾಬರಿ ಇಲ್ಲದೆ ಮನೆಗೆ ಬಂದೆ.

ಹಾಗಾದರೆ ಯಾಕೆ ಬಿಟ್ಟೆ? ನಿಧಾನ. ಥ್ರಾಟಲ್ ಜೋರಾಗಿ ತೆರೆದರೆ ಸಣ್ಣ ಮೋಟಾರು ರೆಕ್ಕೆಗಳ ಕೋನ ಬದಲಿಸುವಷ್ಟರಲ್ಲಿ ಎಂಜಿನ್ ಮುಂದೆ ಓಡಿಬಿಟ್ಟಿರುತ್ತದೆ. 7000ಕ್ಕೆ ಇಟ್ಟಿದ್ದರೆ 7600 ಮುಟ್ಟಿ, ಆಮೇಲೆ ಕೆಳಗೆ ಹೋಗಿ, ಮತ್ತೆ ಮೇಲೆ ಬಂದು ನಿಲ್ಲುತ್ತಿತ್ತು. ಲ್ಯಾಂಡಿಂಗ್ ಬಿಟ್ಟು ಮತ್ತೆ ಏರುವಾಗ, ಕಣ್ಣು ಹೊರಗೆ ಇರಬೇಕಾದ ಹೊತ್ತಿನಲ್ಲಿ, ನನ್ನ ಕಣ್ಣು ಟ್ಯಾಕೋಮೀಟರ್ ಮೇಲೆ ಇರುತ್ತಿತ್ತು. ಜೊತೆಗೆ ಈ ಎಂಜಿನ್‌ಗೆ ಫ್ಯೂಯೆಲ್ ಪಂಪ್, ಇಗ್ನಿಷನ್ ಕಾಯಿಲ್, ಕಂಪ್ಯೂಟರ್ ಎಲ್ಲಕ್ಕೂ ಅದೇ ಬ್ಯಾಟರಿ. ಅದರ ಮೇಲೆ ಪ್ರೊಪೆಲ್ಲರ್‌ನ ಭಾರವೂ ಹಾಕುವುದು ನನಗೆ ಒಗ್ಗಲಿಲ್ಲ.

ಇನ್ನು ಹೈಡ್ರಾಲಿಕ್. ಗವರ್ನರ್ ಅನ್ನುವುದು ಒಂದು ಸಣ್ಣ ಗೇರ್ ಪಂಪ್ ಮತ್ತು ತಿರುಗುವ ತೂಕಗಳು. ಅದು ಎಂಜಿನ್ ಎಣ್ಣೆಯ ಒತ್ತಡವನ್ನು 300 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಸುಪಾಸಿಗೆ ಏರಿಸಿ, ಶಾಫ್ಟ್‌ನ ನಡುವಿನ ತೂತಿನಿಂದ ಪ್ರೊಪೆಲ್ಲರ್‌ನ ನಡುಭಾಗವಾದ ಹಬ್‌ನೊಳಗಿನ ಪಿಸ್ಟನ್‌ಗೆ ಕಳಿಸುತ್ತದೆ. ಕೌಂಟರ್‌ವೇಟ್ (ರೆಕ್ಕೆಯ ಬುಡಕ್ಕೆ ಸೇರಿಸುವ ತೂಕ) ಇಲ್ಲದ ನನ್ನದರಂಥ ಹಬ್‌ನಲ್ಲಿ ಎಣ್ಣೆ ಒತ್ತಿದರೆ ಪಿಚ್ ಜಾಸ್ತಿ, ಎಣ್ಣೆ ಬಿಟ್ಟರೆ ಕಮ್ಮಿ. ಕೌಂಟರ್‌ವೇಟ್ ಇರುವ ಹಬ್‌ನಲ್ಲಿ ಇದು ತಿರುಗುಮುರುಗು, ಗವರ್ನರ್ ಕೂಡ ಅದಕ್ಕೆ ತಕ್ಕದ್ದೇ ಇರಬೇಕು. ಒಂದಕ್ಕೆ ಇನ್ನೊಂದರ ಗವರ್ನರ್ ಹಾಕಿದರೆ ಅಪಾಯ.

ವಿಮಾನಕ್ಕೆಂದೇ ಒಪ್ಪಿಗೆ ಪಡೆದ ಹಲವು ಸರ್ಟಿಫೈಡ್ ಎಂಜಿನ್‌ಗಳಲ್ಲಿ ಈ ತೂತು, ಗವರ್ನರ್ ಕೂರಿಸುವ ಪ್ಯಾಡ್ ಎಲ್ಲ ಮೊದಲೇ ಇರುತ್ತದೆ. ಸಣ್ಣ ವಿಮಾನಗಳ ರೋಟ್ಯಾಕ್ಸ್ 912 ಎಂಜಿನ್‌ನಲ್ಲಿ ಹೆಸರಿನ ಕೊನೆಗೆ 3 ಇದ್ದರೆ ಗವರ್ನರ್ ಡ್ರೈವ್ ಇರುವ ಮಾದರಿ, 2 ಇದ್ದರೆ ಇಲ್ಲದ್ದು, ನೋಡಿ ಕೊಂಡರೆ ಸಾಕು. ಕಾರಿನ ರೋಟರಿಗೆ ಆ ಅನುಕೂಲ ಇಲ್ಲ. ಎಲ್ಲವೂ ನಡುವೆ ಇರುವ ಗೇರ್‌ಬಾಕ್ಸ್ ಮೇಲೆ ನಿಂತಿದೆ, ನನ್ನ ಗೇರ್‌ಬಾಕ್ಸ್‌ನ ಶಾಫ್ಟ್ ತೂತಿಲ್ಲದ ಗಟ್ಟಿ ಉಕ್ಕು.

ತೂತು ಕೊರೆಸಿದೆ. ಅದರಿಂದ ಶಾಫ್ಟ್ ಬಲ ಹೋಗುತ್ತದೆ ಅಂತ ಹೆದರುವವರು ಲೆಕ್ಕ ಹಾಕಿ ನೋಡಿ: 50 ಮಿಮೀ ಶಾಫ್ಟ್‌ನ ನಡುವೆ 16 ಮಿಮೀ ತೂತು ಮಾಡಿದರೆ ತಿರುಚು ತಡೆಯುವ ಬಲ ಬರೀ ಒಂದು ಪರ್ಸೆಂಟ್ ಕಮ್ಮಿಯಾಗುತ್ತದೆ. ಹೆದರಬೇಕಾದ್ದು ಎಣ್ಣೆ ಒಳಗೆ ಬರಲು ಅಡ್ಡಕ್ಕೆ ಕೊರೆಯುವ ಸಣ್ಣ ತೂತಿಗೆ. ಬಿರುಕು ಶುರುವಾದರೆ ಅಲ್ಲೇ. ಅದರ ಅಂಚನ್ನು ಗುಂಡಗೆ ಮಾಡಿ, ಕನ್ನಡಿ ಹಾಗೆ ಪಾಲಿಶ್ ಮಾಡಿಸಬೇಕು.

ಈಗ ಸೀಸನ್ ತಿಂದ ವಿಷಯ. ಅಲುಗಾಡದ ಗೇರ್‌ಬಾಕ್ಸ್ ಹೌಸಿಂಗ್‌ನಿಂದ ತಿರುಗುವ ಶಾಫ್ಟ್‌ನೊಳಗೆ ಎಣ್ಣೆ ದಾಟಬೇಕಲ್ವಾ? ಅದಕ್ಕೆ ಶಾಫ್ಟ್ ಸುತ್ತ ಒಂದು ಕಾಲರ್, ಒಳಗೆ ಒಂದು ತೋಡು. ಆ ತೋಡಿನ ಎರಡೂ ಕಡೆ ಎಣ್ಣೆ ತಡೆಯುವುದು ಕೂದಲಿಗಿಂತ ತೆಳುವಾದ ಸಂದು ಮಾತ್ರ. ಕೆಲಸ ಮಾಡಿಕೊಟ್ಟ ವರ್ಕ್‌ಶಾಪ್‌ನವರು ಆ ಕಾಲರನ್ನು ಹೌಸಿಂಗ್‌ನ ಅಲ್ಯುಮಿನಿಯಂನಲ್ಲೇ ಕಡೆದುಕೊಟ್ಟರು, ಸಂದು 0.05 ಮಿಮೀ. ಅಳತೆ ಸರಿಯಾಗೇ ಇತ್ತು. ನೆಲದ ಮೇಲೆ ಪಿಚ್ ಬದಲಿಸುವ ಲಿವರ್ ಎಳೆದರೆ ಸುತ್ತು ಕೂಡಲೇ ಇಳಿಯುತ್ತಿತ್ತು, ಬಿಟ್ಟರೆ ಕೂಡಲೇ ಏರುತ್ತಿತ್ತು. ಎಂಥ ಖುಷಿ ಆಯಿತು ಅಂದರೆ ಆವತ್ತು ಸಂಜೆಯವರೆಗೆ ಎಳೆದು ಬಿಟ್ಟು ಮಾಡುತ್ತಲೇ ಇದ್ದೆ.

ಮೊದಲ ಉದ್ದದ ಏರಿಕೆಯಲ್ಲಿ, ಎಣ್ಣೆ 90 ಡಿಗ್ರಿ ದಾಟಿದ ಮೇಲೆ, 6800ಕ್ಕೆ ಇಟ್ಟಿದ್ದ ಸುತ್ತು ತಾನಾಗೇ ಮೇಲೇರತೊಡಗಿತು. 6900, 7000, ಆಮೇಲೆ 7300. ಲಿವರ್ ಹಿಂದಕ್ಕೆ ಎಳೆದೆ, ಏನೂ ಬದಲಾಗಲಿಲ್ಲ. ಥ್ರಾಟಲ್ ಇಳಿಸಿ, ನಿಧಾನವಾಗಿ ಒಂದು ಸುತ್ತು ಹಾಕಿ ಇಳಿದೆ. ಎಂಜಿನ್ ತಣ್ಣಗಾದ ಮೇಲೆ ನೋಡಿದರೆ ಎಲ್ಲ ಸರಿ. ಗವರ್ನರ್ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸಿದೆ. ಪರೀಕ್ಷೆ ಮಾಡಿ ಚೆನ್ನಾಗಿದೆ ಅಂದರು. ಮತ್ತೆ ಹಾರಿದೆ, ಮತ್ತೆ ಅದೇ, ಮತ್ತೆ ಕಳಿಸಿದೆ. ಹೀಗೆ ಎರಡು ಬಾರಿ.

ಕೊನೆಗೆ ಗವರ್ನರ್‌ನಿಂದ ಶಾಫ್ಟ್‌ಗೆ ಹೋಗುವ ದಾರಿಗೆ ಒಂದು ಪ್ರೆಶರ್ ಗೇಜ್ ಹಾಕಿದೆ. ಲಿವರ್ ಪೂರ್ತಿ ಎಳೆದಾಗ ತಣ್ಣಗಿದ್ದರೆ 280 ಪಿಎಸ್‌ಐ, ಬಿಸಿಯಾದಾಗ 150. ಗವರ್ನರ್ ಪಂಪ್ ಮಾಡುತ್ತಲೇ ಇತ್ತು, ಎಣ್ಣೆ ದಾರಿಯಲ್ಲೇ ಸೋರಿ ಗೇರ್‌ಬಾಕ್ಸ್‌ಗೆ ಬೀಳುತ್ತಿತ್ತು. ಹೊರಗೆ ಒಂದು ಹನಿ ಕಾಣುವುದಿಲ್ಲ, ಎಣ್ಣೆ ಕಮ್ಮಿಯಾಗುವುದಿಲ್ಲ. ಹಾಗಾಗಿ ಸೋರಿಕೆ ಅಂತ ಹೊಳೆಯಲೇ ಇಲ್ಲ.

ಹೌಸಿಂಗ್ ಬಿಚ್ಚಿ, ಶಾಫ್ಟನ್ನೂ ಅದನ್ನೂ ಎರಡು ಗಂಟೆ ಓವನ್‌ನಲ್ಲಿ 95 ಡಿಗ್ರಿಗೆ ಇಟ್ಟೆ. ತಣ್ಣಗಿದ್ದಾಗ ಶಾಫ್ಟ್ ಕಾಲರ್‌ನೊಳಗೆ ಎಣ್ಣೆ ಸವರಿದ ಹಾಗೆ ಮೆತ್ತಗೆ ಜಾರುತ್ತಿತ್ತು. ಬಿಸಿಯಲ್ಲಿ, ದಪ್ಪ ಗ್ಲೌಸ್ ಹಾಕಿದ ಕೈಗೂ ಅದು ಟಕ್ ಟಕ್ ಅಂತ ಆ ಕಡೆ ಈ ಕಡೆ ಅಲ್ಲಾಡುವುದು ಗೊತ್ತಾಯಿತು. ಅಲ್ಯುಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 50 ಮಿಮೀ ಅಳತೆಗೆ 75 ಡಿಗ್ರಿ ಬಿಸಿ ಏರಿದರೆ ಇವೆರಡರ ನಡುವಿನ ವ್ಯತ್ಯಾಸ 0.04 ಮಿಮೀ. ಅಂದರೆ ನನ್ನ 0.05ರ ಸಂದು 0.09 ಆಗಿತ್ತು. ಇಂಥ ಸಂದಿನಲ್ಲಿ ಸೋರಿಕೆ ಅಗಲದ ಘನದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ಅದೊಂದರಿಂದಲೇ ಆರು ಪಟ್ಟು. ಅದರ ಮೇಲೆ ಬಿಸಿ ಎಣ್ಣೆ ತಣ್ಣನೆಯದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ತೆಳ್ಳಗೆ. ರೋಟರಿಯಲ್ಲಿ ರೋಟರ್‌ಗಳನ್ನು ಒಳಗಿನಿಂದ ತಣ್ಣಗಿಡುವುದೇ ಎಣ್ಣೆ, ಅದು ಬಿಸಿಯಾಗದೆ ಇರುವುದಿಲ್ಲ. ಎಣ್ಣೆ ಕೂಲರ್ ಚಿಕ್ಕದಿದ್ದವರಿಗೆ ಈ ತೊಂದರೆ ಇನ್ನೂ ಬೇಗ ಬರುತ್ತದೆ.

ಪರಿಹಾರ ಸುಲಭ ಇತ್ತು. ಎರಕದ ಕಬ್ಬಿಣದ ಒಂದು ಉಂಗುರ ಮಾಡಿಸಿದೆ. ಅದು ಉಕ್ಕಿನ ಜೊತೆ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ, ಸಂದು ಬಿಸಿಯಲ್ಲೂ ಹಾಗೇ ಉಳಿಯುತ್ತದೆ. ಅದನ್ನು ಹೌಸಿಂಗ್‌ಗೆ ಬಿಗಿಯಾಗಿ ಒತ್ತಿಲ್ಲ. ಹೊರಗೆ ಬಿಸಿ ತಾಳುವ ರಬ್ಬರ್ ಓ-ರಿಂಗ್, ಸುತ್ತದ ಹಾಗೆ ಒಂದು ಪಿನ್, ಅಷ್ಟೇ. ತಿರುವಿನಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಚೂರು ಬಗ್ಗಿಸಿದರೂ ಉಂಗುರ ಅದರ ಜೊತೆಗೇ ಸರಿಯುತ್ತದೆ. ಆವತ್ತಿನಿಂದ ಬಿಸಿಯಲ್ಲೂ ಒತ್ತಡ 260ಕ್ಕಿಂತ ಕೆಳಗೆ ಹೋಗಿಲ್ಲ.

ಉಳಿದ ಸಣ್ಣಪುಟ್ಟವು. ಗವರ್ನರ್‌ಗೆ ಡ್ರೈವ್ ಪ್ರೊಪೆಲ್ಲರ್ ಶಾಫ್ಟ್ ಕಡೆಯಿಂದ ತೆಗೆದುಕೊಳ್ಳಿ. ಎಂಜಿನ್ ಶಾಫ್ಟ್‌ನಿಂದ ನೇರ ತೆಗೆದರೆ 6000, 7000 ಸುತ್ತು ಅದು ತಾಳುವುದಿಲ್ಲ. ಅದು ಯಾವ ದಿಕ್ಕಿಗೆ ತಿರುಗುತ್ತದೆ ಅಂತ ಆರ್ಡರ್ ಮಾಡುವಾಗಲೇ ಹೇಳಿ. ಪ್ರೊಪೆಲ್ಲರ್ ರೆಕ್ಕೆ ಮರದ ತಿರುಳಿನ ಕಾಂಪೋಸಿಟ್ ಇರಲಿ. ಒಟ್ಟಿಗೆ ಪರೀಕ್ಷೆ ಆಗದ ಎಂಜಿನ್-ಪ್ರೊಪೆಲ್ಲರ್ ಜೋಡಿಗೆ ಲೋಹದ ರೆಕ್ಕೆ ನಾನಂತೂ ಹಾಕುವುದಿಲ್ಲ, ಕಂಪನಕ್ಕೆ ಅದು ಎಲ್ಲಿ ಬಿರುಕು ಬಿಡುತ್ತದೆ ಅಂತ ಮೊದಲೇ ತಿಳಿಯುವ ದಾರಿ ಇಲ್ಲ. ಎಣ್ಣೆ ಹೋದರೆ ಈ ಹಬ್ ಕಮ್ಮಿ ಪಿಚ್‌ಗೆ ಹೋಗುತ್ತದೆ, ಈ ಒಂದು ವಿಷಯದಲ್ಲಿ ಎಲೆಕ್ಟ್ರಿಕ್ ನಿಜಕ್ಕೂ ಮೇಲು. ಅದಕ್ಕೇ ಕಮ್ಮಿ ಪಿಚ್‌ನ ಸ್ಟಾಪನ್ನು ನಿಂತಲ್ಲಿ ಪೂರ್ತಿ ಥ್ರಾಟಲ್‌ಗೆ 7000 ಮೀರದ ಹಾಗೆ ಇಟ್ಟಿದ್ದೇನೆ. ಥ್ರಾಟಲ್ ಇಳಿಸಿ, ವೇಗ ಕಮ್ಮಿ ಇಟ್ಟುಕೊಂಡರೆ ಇಳಿಯುವ ಜಾಗ ಹುಡುಕುವಷ್ಟು ಹೊತ್ತು ಸಿಗುತ್ತದೆ.

ಯಾರಿಗೆ ಯಾವುದು? ನಾನು ಹಾರುವುದು ಹೆಚ್ಚಾಗಿ ಸಣ್ಣ ರನ್‌ವೇಗಳಿಂದ. ಒಂದು ಬೆಳಗಿನಲ್ಲಿ ಆರೇಳು ಬಾರಿ ಇಳಿದು ಏರುತ್ತೇನೆ, ಥ್ರಾಟಲ್ ಮೇಲೆ ಕೈ ಆಡುತ್ತಲೇ ಇರುತ್ತದೆ. ಅಂಥವರಿಗೆ ಹೈಡ್ರಾಲಿಕ್‌ನ ಚುರುಕು ಕೊಡುವ ನೆಮ್ಮದಿ ಬೇರೆ ಯಾವುದೂ ಕೊಡುವುದಿಲ್ಲ. ಈಗ 7000ಕ್ಕೆ ಇಟ್ಟರೆ 7000, ನನ್ನ ಕಣ್ಣು ಹೊರಗೆ. ಕ್ರೂಸ್‌ನಲ್ಲಿ 5200ಕ್ಕೆ ಇಳಿಸಿದರೆ ಪಕ್ಕದಲ್ಲಿ ಕೂತವರ ಜೊತೆ ಮಾತಾಡಬಹುದು. ಉದ್ದದ ರನ್‌ವೇಯಿಂದ ಏರಿ, ಮೂರು ಗಂಟೆ ನೇರ ಹೋಗಿ ಇಳಿಯುವವರಿಗೆ ಎಲೆಕ್ಟ್ರಿಕ್ ಸಾಕು. ಗಟ್ಟಿ ಶಾಫ್ಟ್‌ನ ಗೇರ್‌ಬಾಕ್ಸ್ ಆಗಲೇ ಕೈಯಲ್ಲಿದ್ದು ಬಜೆಟ್ ಮುಗಿದಿದ್ದರೆ ಖಂಡಿತ ಅದನ್ನೇ ಹಾಕಿ. ನನಗೆ ಶಾಫ್ಟ್, ಕಾಲರ್, ಉಂಗುರ, ಎರಡು ಬಾರಿ ಗವರ್ನರ್ ಸಾಗಾಟ ಎಲ್ಲ ಸೇರಿ ಪ್ರೊಪೆಲ್ಲರ್ ಬೆಲೆಯ ಅರ್ಧದಷ್ಟು ಮೇಲೆ ಬಿತ್ತು. ಟೊಳ್ಳು ಶಾಫ್ಟ್, ಗವರ್ನರ್ ಪ್ಯಾಡ್ ಇರುವ ಗೇರ್‌ಬಾಕ್ಸ್ ಮೊದಲೇ ಕೊಂಡಿದ್ದರೆ ಅದರಲ್ಲಿ ಮುಕ್ಕಾಲು ಉಳಿಯುತ್ತಿತ್ತು. ಮಾರುವವರನ್ನು ಕೇಳುವಾಗ ಇದನ್ನೂ ಕೇಳಿ: ಎಣ್ಣೆ ದಾಟುವ ಕಾಲರ್ ಯಾವ ಲೋಹದ್ದು, 95 ಡಿಗ್ರಿಯಲ್ಲಿ ಅದರ ಸಂದು ಎಷ್ಟು?

ಆ ಗೇಜನ್ನು ನಾನು ತೆಗೆದಿಲ್ಲ, ಪ್ಯಾನೆಲ್‌ಗೇ ತಂದು ಕೂರಿಸಿದ್ದೇನೆ. ಹಾರುವ ಮುಂಚೆ ಎಣ್ಣೆ ಬಿಸಿಯಾದ ಮೇಲೆ ಮೂರು ಬಾರಿ ಲಿವರ್ ಎಳೆದು ನೋಡುತ್ತೇನೆ. ಮೂರನೇ ಸಲವೂ ಮುಳ್ಳು 260 ದಾಟಿದರೆ ಮಾತ್ರ ಬ್ರೇಕ್ ಬಿಡುತ್ತೇನೆ.