ಬರೆಯೋಕೆ ಬರುತ್ತೆ, ಓದೋಕೆ ಬರಲ್ಲ: ಬೆರಳಿಡುವ ಇಸಿಜಿ ಯಂತ್ರ, 14 ತಿಂಗಳಾದ ಮೇಲೆ

"ಎದೇಲಿ ಒಂದು ಮೆಟ್ಲು ತಪ್ಪಿದಂಗಾಗುತ್ತೆ ಕಣೋ" ಅಂತ ಅಮ್ಮ ಹೇಳೋದು, ನಾವು ಸಕಲೇಶಪುರದಿಂದ ಹಾಸನಕ್ಕೆ ಓಡೋದು, ಅಲ್ಲಿ ಮಲಗಿಸಿ ಇಸಿಜಿ ತೆಗೆದ್ರೆ ಏನೂ ಇಲ್ಲ! ಮೂರು ಸಲ ಹೀಗಾಯ್ತು. ಮೆಣಸು ಮಾರಿದ ದುಡ್ಡಲ್ಲಿ, ಎರಡೂ ಕೈ ಬೆರಳಿಟ್ರೆ ಫೋನಲ್ಲಿ ಎದೆಬಡಿತದ ಗೆರೆ ಬರೆಯೋ ಈ ಯಂತ್ರ ತರಿಸಿದೆ.

ಮೊದಲ ತಿಂಗಳು ಬರೀ ಸಿಟ್ಟು. ತೋಟದ ಕೆಲಸ ಮಾಡಿ ಒರಟಾದ ಅಮ್ಮನ ಕೈ, ಮೇಲೆ ಚಳಿ. ಗೆರೆ ಹುಲ್ಲಿನ ಹಾಗೆ ನಡುಗೋದು. ಎದೆಯಿಂದ ಬೆರಳಿಗೆ ಬರೋದು ಮಿಲಿವೋಲ್ಟ್ ಲೆಕ್ಕದ ಕರೆಂಟು, ಒಣ ಚರ್ಮ ಅದನ್ನ ನೆಟ್ಟಗೆ ಬಿಡಲ್ಲ. ಈಗ ಬೆಳಿಗ್ಗೆ ಒಲೆ ಮುಂದೆ ಕೈ ಕಾಯಿಸಿ, ಬೆರಳಿಗೆ ನೀರು ಸವರಿ, ಮೊಣಕೈ ಮೇಜಿಗೆ ಊರಿ ಕೂರ್ತಾರೆ. ಫೋನಿನ ಚಾರ್ಜರ್ ಕಿತ್ತಿರಬೇಕು. 30 ಸೆಕೆಂಡ್ ಮಾತಾಡ್ಬಾರದು. ಇಪ್ಪತ್ತನೇ ಸೆಕೆಂಡಿಗೆ "ಹಾಲು ಬಂತೇನೋ?" ಅಂತಾರೆ. ಮತ್ತೆ ಮೊದಲಿಂದ.

ಕಳೆದ ಮಳೆಗಾಲದ ಒಂದು ರಾತ್ರಿ ಕೆಂಪಕ್ಷರದಲ್ಲಿ ಬಂತು: ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ಅಂದ್ರೆ ಹೃದಯದ ಮೇಲಿನ ಕೋಣೆಗಳು ತಾಳವಿಲ್ಲದೆ ಅದುರೋ ಕಾಯಿಲೆ. ಅಮ್ಮ ಊಟ ಬಿಟ್ರು. ಅಕ್ಕ ಬೆಂಗಳೂರಿಂದ ಅಳ್ತಾ ಫೋನ್ ಮಾಡಿದ್ಲು.

ಮಾರನೇ ದಿನ ಹಾಸನದ ಡಾಕ್ಟ್ರು ಕೆಂಪಕ್ಷರ ನೋಡ್ಲೇ ಇಲ್ಲ, ಗೆರೆ ಮೇಲೆ ಪೆನ್ನಿಟ್ರು. "ಇಲ್ನೋಡಿ, ಪ್ರತಿ ಬಡಿತಕ್ಕೆ ಮುಂಚೆ ಸಣ್ಣ ಉಬ್ಬು, ಪಿ ಅಲೆ ಇದೆ, ಮೇಲಿನ ಕೋಣೆಗಳು ಸರಿಯಾಗಿ ಕೆಲಸ ಮಾಡ್ತಿರೋ ಗುರುತು. ಫಿಬ್ರಿಲೇಶನ್ ಆಗಿದ್ರೆ ಇದು ಇರ್ತಿರಲಿಲ್ಲ." ನಡುನಡುವೆ ಒಂದೊಂದು ಅಗಲದ ಬಡಿತ ಸರದಿಗೆ ಮುಂಚೆ ನುಗ್ಗಿದೆ, ಅದಾದ ಮೇಲೆ ಬಿಡುವು. ಅಮ್ಮನ ತಪ್ಪಿದ ಮೆಟ್ಲು ಅದೇ. ಎದೆಗೂ ಕೈಕಾಲಿಗೂ ಹತ್ತು ಎಲೆಕ್ಟ್ರೋಡ್ ಹಚ್ಚಿ ಹನ್ನೆರಡು ಕೋನದಿಂದ ಹೃದಯ ನೋಡೋ 12 ಲೀಡ್ ಇಸಿಜಿ ತೆಗೆದ್ರು, ಎಕೋ ಅನ್ನೋ ಹೃದಯದ ಸ್ಕ್ಯಾನ್ ಮಾಡಿದ್ರು. ಗಾಬರಿ ಬೇಡ, ರಾತ್ರಿ ಕಾಫಿ ಬಿಡಿ ಅಂದ್ರು. ಕಾಫಿ ತೋಟದೋರಿಗೆ!

ಆವತ್ತಿಂದ ನನ್ನ ಸಿಟ್ಟು ಅರ್ಧ ಇಳೀತು. ಮೂರು ಸಲ ಓಡಿದ್ರೂ ಸಿಗದ ಬಡಿತವನ್ನ ಹಿಡಿದಿದ್ದು ಇದೇ ತಾನೆ? ಯಂತ್ರ ಕೊಡೋ ತೀರ್ಪನ್ನ ಓದಲ್ಲ ಈಗ, ಗೆರೆ ನೋಡ್ತೀನಿ. ಸೆಕೆಂಡಿಗೆ 25 ಮಿಲಿಮೀಟರ್ ಓಟ, ಒಂದು ದೊಡ್ಡ ಚೌಕ 0.2 ಸೆಕೆಂಡ್, ನಿಮಿಷಕ್ಕೆ 300 ಚೌಕ. ಎರಡು ಬಡಿತದ ನಡುವೆ ನಾಲ್ಕು ಚೌಕ ಇದ್ರೆ 300 ಭಾಗಿಸು 4, ಅಂದ್ರೆ ನಿಮಿಷಕ್ಕೆ 75 ಬಡಿತ. ತಾಳ ತಪ್ಪಿದ ದಿನ ಈ ಲೆಕ್ಕ ನಡೆಯಲ್ಲ. ಇಡೀ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸ್ತೀನಿ.

ಎರಡು ಕೈ ನಡುವೆ ಹೃದಯ ಕಾಣೋದು ಒಂದೇ ಕೋನದಿಂದ, ಹೃದಯಾಘಾತ ಆಗಿದ್ರೂ ಇದಕ್ಕೆ ಕಾಣದೇ ಹೋಗಬಹುದು. ಎದೆನೋವು ಅಂತ ಬಂದ ಪಕ್ಕದ ತೋಟದೋರು ಬೆರಳಿಡ್ತೀನಿ ಅಂದಾಗ ಕೊಡಲಿಲ್ಲ, ಸೀದಾ ಜೀಪ್ ಹತ್ತಿಸಿದೆ.

ಐದಕ್ಕೆ ಮೂರೂವರೆ. ಹಳೇ ದಾಖಲೆ ಇಡೋಕೆ ತಿಂಗಳು ತಿಂಗಳು ಕಾಸು ಕೇಳೋದಕ್ಕೆ ಅರ್ಧ ಹೋಯ್ತು. ಒಂದು, ಅಮ್ಮ ಊಟ ಬಿಟ್ಟ ರಾತ್ರಿಗೆ.