ದಾಲ್ ಮಿಲ್ಲಿಗೆ ಬಂದ ಪತ್ರವ್ಯವಹಾರ ತರಬೇತಿ: ಮೊದಲ ದಿನ ಸಾರ್ಥಕ, ಎರಡನೆಯದು ಸಪ್ಪೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ತೊಗರಿ ದಾಲ್ ಮಿಲ್ಲೊಂದರ ಕಚೇರಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಳೆದ ಮಳೆಗಾಲದ ಒಂದು ಸಂಜೆ, ಎಣ್ಣೆ ಹಚ್ಚಿ ಬಿಸಿಲಿಗೆ ಹರವಿದ್ದ ತೊಗರಿಯನ್ನು ಬೇಗ ಎತ್ತಿಡಬೇಕೆಂಬ ಮಾತು ವ್ಯವಸ್ಥಾಪಕರಿಂದ ಗುಮಾಸ್ತರಿಗೆ, ಗುಮಾಸ್ತರಿಂದ ಇನ್ನೊಬ್ಬರಿಗೆ ಹೋಗಿ, ಅಂಗಳದವರೆಗೆ ಮುಟ್ಟಲೇ ಇಲ್ಲ. ಮಾಲು ನೆನೆಯಿತು. ಹೇಳಿದ್ದೆ ಎನ್ನುವವರು ಮೂವರು, ಕೇಳಿಸಿಕೊಂಡೆ ಎನ್ನುವವರು ಯಾರೂ ಇಲ್ಲ. ಆ ನಷ್ಟದ ಲೆಕ್ಕ ಬರೆದವನು ನಾನೇ ಆದ್ದರಿಂದ, ಎರಡು ದಿನಗಳ ಕಚೇರಿ ಪತ್ರವ್ಯವಹಾರ ತರಬೇತಿಗೆ ಮಾಲೀಕರು 18,000 ರೂಪಾಯಿ ಕೊಡಲು ಒಪ್ಪಿದಾಗ ನಾನು ತಕರಾರು ತೆಗೆಯಲಿಲ್ಲ.

ಮೊದಲ ದಿನದ ಪಾಠ ನಿಜಕ್ಕೂ ಚೆನ್ನಾಗಿತ್ತು. ಎಲ್ಲರಿಗೂ ಅನ್ವಯಿಸುವುದು ಸುತ್ತೋಲೆ, ಒಬ್ಬರಿಗೆ ಅಥವಾ ಒಂದು ವಿಭಾಗಕ್ಕೆ ಹೋಗುವುದು ಜ್ಞಾಪನ, ಕೆಳಗಿನಿಂದ ಮೇಲಕ್ಕೆ ಅನುಮೋದನೆ ಕೇಳಿ ಹೋಗುವುದು ಟಿಪ್ಪಣಿ, ಸಭೆಯಲ್ಲಿ ಆದ ತೀರ್ಮಾನಗಳ ದಾಖಲೆ ನಡವಳಿ ಎಂದು ತರಬೇತುದಾರರು ನಮ್ಮದೇ ಹಳೆಯ ಕಾಗದಗಳನ್ನು ಮುಂದಿಟ್ಟುಕೊಂಡು ಬಿಡಿಸಿ ತೋರಿಸಿದರು. ನಮ್ಮಲ್ಲಿ ಇವೆಲ್ಲಕ್ಕೂ ‘ನೋಟಿಸ್’ ಎಂಬ ಒಂದೇ ಹೆಸರಿತ್ತು. ಹಾಗಾಗಿ ರಜೆಯ ದಿನಾಂಕ ತಿಳಿಸುವ ಚೀಟಿ ಕೈಗೆ ಬಂದರೂ ಕೆಲಸಗಾರರು ಕೆಲಸವೇ ಹೋಯಿತೆಂದು ಗಾಬರಿಯಾಗುತ್ತಿದ್ದರು.

ಫ್ರಾನ್ಸಿನ ಗಣಿ ಎಂಜಿನಿಯರ್ ಆನ್ರಿ ಫಯೋಲ್ 1916ರಲ್ಲಿ ಮಂಡಿಸಿದ ವಿಚಾರವೊಂದನ್ನೂ ಅವರು ವಿವರಿಸಿದರು. ಅಧಿಕಾರದ ಏಣಿಯನ್ನು ಪ್ರತಿ ಸಲವೂ ಹತ್ತಿ ಇಳಿಯುವ ಬದಲು, ಮೇಲಧಿಕಾರಿಗಳ ಒಪ್ಪಿಗೆಯಿದ್ದರೆ ಸಮಾನ ಹಂತದ ಇಬ್ಬರು ನೇರವಾಗಿ ಮಾತಾಡಿಕೊಂಡು, ತೀರ್ಮಾನವನ್ನು ತಮ್ಮ ತಮ್ಮ ಮೇಲಿನವರಿಗೆ ತಿಳಿಸಬಹುದು. ಈಗ ನಮ್ಮ ಅಂಗಳದ ಮೇಲ್ವಿಚಾರಕರು ಪ್ಯಾಕಿಂಗ್ ವಿಭಾಗದವರಿಗೆ ತಾವೇ ಚೀಟಿ ಬರೆಯುತ್ತಾರೆ; ಅದರ ಪ್ರತಿ ವ್ಯವಸ್ಥಾಪಕರ ಮೇಜಿಗೆ ಬರುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಮಧ್ಯಾಹ್ನದ ಅಭ್ಯಾಸ. ನಮ್ಮ ಹಳೆಯ ಸೂಚನೆ ‘ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ಶುರುವಾಗಿ ಐದು ಸಾಲು ಸಾಗಿ, ‘ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು’ ಎಂದು ಮುಗಿಯುತ್ತಿತ್ತು. ಯಾರು, ಯಾವಾಗ, ಏನು ಮಾಡಬೇಕೆಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ತಿದ್ದಿದ ಮೇಲೆ ಉಳಿದದ್ದು ಇಷ್ಟು: ‘ಸಂಜೆ 5 ಗಂಟೆಯೊಳಗೆ ಅಂಗಳದ ತೊಗರಿಯನ್ನು ರಾಶಿ ಮಾಡಿ ತಾಡಪತ್ರಿ ಹೊದಿಸಬೇಕು. ಹೊಣೆ: ಅಂಗಳದ ಮೇಲ್ವಿಚಾರಕರು. ಮುಗಿದ ಮೇಲೆ ವಹಿಯಲ್ಲಿ ಸಹಿ ಮಾಡಬೇಕು.’

ಎರಡನೆಯ ದಿನ ಈ ಎಚ್ಚರ ಉಳಿಯಲಿಲ್ಲ. ಇಮೇಲ್ ಮಾದರಿಗಳೆಲ್ಲ ಇಂಗ್ಲಿಷಿನ ನೆರಳು. ‘ದಯವಿಟ್ಟು ಲಗತ್ತನ್ನು ಕಂಡುಕೊಳ್ಳಿ’ ಎಂದು ಗಂಜ್ ಮಾರುಕಟ್ಟೆಯ ಅಡತಿ (ದಲ್ಲಾಳಿ) ವ್ಯಾಪಾರಿಗೆ ಬರೆದರೆ ಆತ ಹುಡುಕಲು ಹೊರಟಾನು. ‘ಸ್ವೀಕೃತಿ ಮತ್ತು ರವಾನೆ ವಹಿ’ ಎಂದಾಗ ನಮ್ಮ ಹಿರಿಯ ಮುನೀಮರು ಮುಖ ಮುಖ ನೋಡಿದರು. ಆವಕ-ಜಾವಕ ಎಂದು ನಾನು ಹೇಳಿದ ಮೇಲೆ, ‘ಹಂಗ ಹೇಳ್ರಿ ಮತ್ತ’ ಎಂದು ನಕ್ಕರು. ಕೊಟ್ಟ ಮಾದರಿ ಕಡತಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿದ್ದು, ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ಅಷ್ಟನ್ನೂ ಮೊಬೈಲಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡಿಗೆ ಬದಲಿಸಲು ನನಗೆ ಒಂದು ಭಾನುವಾರ ಹಿಡಿಯಿತು.

ದೊಡ್ಡ ಕೊರತೆ ಬೇರೆಯದೇ ಇದೆ. ಕಾರ್ಖಾನೆಯ ಸ್ಥಾಯಿ ಆದೇಶಗಳನ್ನು, ಅಂದರೆ ಕೆಲಸದ ಷರತ್ತುಗಳ ಲಿಖಿತ ನಿಯಮಗಳನ್ನು, ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ, ಅವರು ಒಳಬರುವ ಬಾಗಿಲ ಬಳಿಯೇ ಹಾಕಬೇಕೆಂದು 1946ರ ಕಾಯ್ದೆಯೇ ಹೇಳಿತ್ತೆಂದು ತರಬೇತುದಾರರೇ ತಿಳಿಸಿದ್ದರು. ಆದರೆ ಓದಲು ಬಾರದ ಹಮಾಲರಿಗೆ ಏನು ಮಾಡಬೇಕೆಂದು ಕೇಳಿದರೆ, ಫಲಕಕ್ಕೆ ಅಂಟಿಸಿದರೆ ಸಾಕೆಂದರು. ಸಾಲದು. ನಮ್ಮ ಹಮಾಲರಲ್ಲಿ ಉರ್ದು ಮಾತಾಡುವವರಿದ್ದಾರೆ, ಲಂಬಾಣಿ ಮಾತಾಡುವವರಿದ್ದಾರೆ. ಈಗ ಪಾಳಿಯ ಆರಂಭದಲ್ಲಿ ಹಮಾಲರ ಮುಖಂಡರಾದ ಮುಕಾದಮರು ಸೂಚನೆಯನ್ನು ಗಟ್ಟಿಯಾಗಿ ಓದಿ, ಬೇಕಾದವರಿಗೆ ಅವರವರ ಭಾಷೆಯಲ್ಲಿ ಹೇಳಿ, ವಹಿಯಲ್ಲಿ ಸಹಿ ಅಥವಾ ಹೆಬ್ಬೆಟ್ಟು ಪಡೆಯುತ್ತಾರೆ. ಈ ವ್ಯವಸ್ಥೆ ತರಬೇತಿಯಲ್ಲಿ ಸಿಕ್ಕಿದ್ದಲ್ಲ, ಮುಕಾದಮರೇ ಸೂಚಿಸಿದ್ದು.

ಪಕ್ಕದ ಮಿಲ್ಲಿನವರು ಈ ತರಬೇತುದಾರರನ್ನು ಕರೆಸಬಹುದೇ ಎಂದು ವಿಚಾರಿಸಿದ್ದಾರೆ. ಮೊದಲ ದಿನಕ್ಕಷ್ಟೇ ಕರೆಸಿ, ಮಾದರಿಗಳನ್ನು ಯೂನಿಕೋಡಿನಲ್ಲಿ ಮೊದಲೇ ಕೇಳಿ ಪಡೆಯಿರಿ, ತರಗತಿಯಲ್ಲಿ ಮುಕಾದಮರನ್ನೂ ಕೂರಿಸಿರಿ ಎಂದು ಅವರಿಗೆ ತಿಳಿಸಿದ್ದೇನೆ.