ಕಲಬುರಗಿಯಿಂದ ಗಡಿ ದಾಟಿ ಓಡಬೇಕೆಂದರೆ: ಡೆಟ್ರಾಯ್ಟ್ ಸೇತುವೆಯೋ, ಬೋಡೆನ್‌ಸೇ ದಂಡೆಯೋ?

ಒಂದೇ ಓಟದಲ್ಲಿ ದೇಶದ ಗಡಿ ದಾಟಿಸುವ ಮ್ಯಾರಥಾನ್‌ಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಅವುಗಳಲ್ಲಿ ನಮ್ಮ ಕಡೆಯ ಓಟಗಾರರು ಹೆಚ್ಚಾಗಿ ವಿಚಾರಿಸುವುದು ಎರಡನ್ನು. ಒಂದು ಅಮೆರಿಕದ ಡೆಟ್ರಾಯ್ಟ್‌ನಿಂದ ಕೆನಡಾದ ವಿಂಡ್ಸರ್‌ಗೆ ಹೋಗಿ ವಾಪಸ್ ಬರುವ ಡೆಟ್ರಾಯ್ಟ್ ಫ್ರೀ ಪ್ರೆಸ್ ಮ್ಯಾರಥಾನ್. ಇನ್ನೊಂದು ಬೋಡೆನ್‌ಸೇ ಸರೋವರದ ದಂಡೆಯಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್ ಮೂರನ್ನೂ ಮುಟ್ಟಿಸುವ ಮೂರು ದೇಶಗಳ ಮ್ಯಾರಥಾನ್. ಎರಡೂ ಅಕ್ಟೋಬರ್‌ನಲ್ಲೇ ಬರುತ್ತವೆ, ಹಾಗಾಗಿ ಒಂದೇ ವರ್ಷ ಎರಡನ್ನೂ ಓಡುವ ಮಾತು ಬಹಳ ಮಂದಿಗೆ ಆಗದು. ಎರಡನ್ನೂ ಓಡಿ ನೋಡಿದ ಮೇಲಿನ ಹೋಲಿಕೆ ಇದು.

ಮೊದಲು ಕಾಗದಪತ್ರ. ಏಕೆಂದರೆ ಇಲ್ಲಿ ಅಸಲಿ ಏರು ಅದೇ. ಬೀದರ್‌ನಿಂದ ಜಹೀರಾಬಾದ್ ದಾರಿ ಹಿಡಿದು ಓಡಿದರೆ ತೆಲಂಗಾಣ ಬಂದದ್ದು ಅಂಗಡಿ ಬೋರ್ಡಿನ ಅಕ್ಷರ ಬದಲಾದಾಗಲೇ ಗೊತ್ತಾಗುತ್ತದೆ. ಬೋಡೆನ್‌ಸೇ ಬಳಿಯ ಗಡಿಗಳೂ ಹೆಚ್ಚುಕಡಿಮೆ ಹಾಗೆಯೇ. ಮೂರೂ ಷೆಂಗೆನ್ ದೇಶಗಳು, ಅಂದರೆ ಒಂದೇ ವೀಸಾ ಒಪ್ಪುವ ಯುರೋಪಿನ ಕೂಟದವು, ಒಂದು ವೀಸಾ ಸಾಕು, ಒಮ್ಮೆ ಮಾತ್ರ ಪ್ರವೇಶ ಕೊಡುವ ವೀಸಾ ಆದರೂ ನಡೆಯುತ್ತದೆ. ಶುಲ್ಕ 90 ಯೂರೋ. ಜೊತೆಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಎಡವುವುದು ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂಬಲ್ಲಿ. ಹೆಚ್ಚು ರಾತ್ರಿ ಎಲ್ಲಿ ತಂಗುತ್ತೀರೋ ಆ ದೇಶಕ್ಕೆ. ಎಲ್ಲ ಕಡೆ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಓಟ ಶುರುವಾಗುವುದು ಜರ್ಮನಿಯ ಲಿಂಡಾವ್‌ನಲ್ಲಿ, ಮುಗಿಯುವುದು ಆಸ್ಟ್ರಿಯಾದ ಬ್ರೆಗೆಂಜ್‌ನಲ್ಲಿ, ವಿಮಾನ ಇಳಿಯುವುದು ಬಹುತೇಕ ಸ್ವಿಟ್ಜರ್‌ಲೆಂಡ್‌ನ ಜ್ಯೂರಿಕ್‌ನಲ್ಲಿ. ಹೋಟೆಲ್ ಬುಕ್ಕಿಂಗ್ ಒಂದು ದೇಶದಲ್ಲಿ, ಅರ್ಜಿ ಇನ್ನೊಂದಕ್ಕೆ ಆದರೆ ಕಾಗದ ತಾಳೆಯಾಗುವುದಿಲ್ಲ. ಮೊದಲು ರೂಮು ಗಟ್ಟಿ ಮಾಡಿಕೊಳ್ಳಿ, ಆಮೇಲೆ ಅರ್ಜಿ.

ಡೆಟ್ರಾಯ್ಟ್‌ಗೆ ಎರಡು ವೀಸಾ. ಅಮೆರಿಕದ ಬಿ1/ಬಿ2 ಎಂಬ ಸಂದರ್ಶಕ ವೀಸಾಗೆ ಮೂಲ ಅರ್ಜಿ ಶುಲ್ಕ 185 ಡಾಲರ್, ಸಂದರ್ಶನ ಬೇರೆ. ನಮಗೆ ಹತ್ತಿರದ ದೂತಾವಾಸ ಹೈದರಾಬಾದ್‌ನದು. ಕೆನಡಾದ ಸಂದರ್ಶಕ ವೀಸಾಗೆ 100 ಕೆನಡಾ ಡಾಲರ್, ಬೆರಳಚ್ಚಿಗೆ ಮತ್ತೆ 85. ಅಮೆರಿಕದ ವೀಸಾ ಹಲವು ಬಾರಿ ಪ್ರವೇಶ ಕೊಡುವಂಥದ್ದೇ ಇರಬೇಕು, ಏಕೆಂದರೆ ವಾಪಸ್ ಬರುವ ದಾರಿ ನದಿಯಡಿಯ ಸುರಂಗ, ಅದರಿಂದ ಹೊರಬೀಳುವಾಗ ನೀವು ಆ ದೇಶವನ್ನು ಎರಡನೇ ಸಲ ಹೊಕ್ಕಂತೆ. ಪಾಸ್‌ಪೋರ್ಟ್ ವಿವರವನ್ನು ನೋಂದಣಿಯಲ್ಲಿ ಕೊಡಬೇಕು, ಬಿಬ್ (ಎದೆಗೆ ಸಿಕ್ಕಿಸುವ ಓಟದ ನಂಬರ್) ಪಡೆಯುವಾಗ ಅದೇ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಗೆಳೆಯನನ್ನು ಕಳಿಸಿ ಬಿಬ್ ತರಿಸುವ ನಮ್ಮ ಊರಿನ ರೂಢಿ ಅಲ್ಲಿ ನಡೆಯದು. ನೋಂದಣಿ ಆದಮೇಲೆ ಪಾಸ್‌ಪೋರ್ಟ್ ನವೀಕರಿಸಿದರೆ ನಂಬರ್ ಬದಲಾಗುತ್ತದೆ. ಆಗ ನೋಂದಣಿಯಲ್ಲೂ ತಿದ್ದಿಸಿಕೊಳ್ಳಿ. ಓಡುವಾಗ ಪಾಸ್‌ಪೋರ್ಟನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೊಂಟದ ಬೆಲ್ಟಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಬರೀ ಜೇಬಿನಲ್ಲಿಟ್ಟರೆ ಬೆವರಿಗೆ ಪುಟ ಅಂಟಿಕೊಳ್ಳುತ್ತದೆ. ಕೆನಡಾ ವೀಸಾದ ತಲೆಬಿಸಿ ಬೇಡ ಎನ್ನುವವರಿಗೆ ಡೆಟ್ರಾಯ್ಟ್‌ನಲ್ಲಿ ಗಡಿ ದಾಟದ ಹಾಫ್ ಮ್ಯಾರಥಾನ್ ಕೂಡ ಇದೆ. ಆದರೆ ಅಷ್ಟು ದೂರ ಹೋಗಿ ಅದನ್ನು ಓಡುವುದರಲ್ಲಿ ಅರ್ಥವಿಲ್ಲ.

ಈ ಲೆಕ್ಕದಲ್ಲಿ ಬೋಡೆನ್‌ಸೇ ಮುಂದು. ಮಗನೋ ಮಗಳೋ ಅಮೆರಿಕದಲ್ಲಿದ್ದು, ಹತ್ತು ವರ್ಷದ ವೀಸಾ ಈಗಾಗಲೇ ಪಾಸ್‌ಪೋರ್ಟಿನಲ್ಲಿ ಅಂಟಿದ್ದವರಿಗೆ ಮಾತ್ರ ತಕ್ಕಡಿ ತಿರುಗುತ್ತದೆ.

ದಾರಿ

ಡೆಟ್ರಾಯ್ಟ್‌ನ ಓಟ ಬೆಳಗ್ಗೆ ಏಳರ ಹೊತ್ತಿಗೆ, ಇನ್ನೂ ಕತ್ತಲಲ್ಲಿ ಶುರು. ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಸೂರ್ಯ ಮೂಡುವುದೇ ಎಂಟಕ್ಕೆ ಸ್ವಲ್ಪ ಮುಂಚೆ. ಊರೊಳಗಿನ ಕೆಲವು ಕಿಲೋಮೀಟರ್ ಮುಗಿಯುತ್ತಲೇ 1929ರಲ್ಲಿ ತೆರೆದ ಅಂಬಾಸಿಡರ್ ಸೇತುವೆ ಎದುರಾಗುತ್ತದೆ. ಉದ್ದ ಸುಮಾರು 2.3 ಕಿ.ಮೀ., ನಡುವಿನ ತೂಗುಭಾಗವೇ 564 ಮೀಟರ್, ನಡುಮಧ್ಯದಲ್ಲಿ ನದಿಯ ನೀರಿನಿಂದ 46 ಮೀಟರ್ ಎತ್ತರ. ಅರ್ಧ ಏರು, ಅರ್ಧ ಇಳಿಜಾರು. ಏರಿನ ತುದಿಗೆ ಬರುವ ಹೊತ್ತಿಗೆ ಪೂರ್ವದಲ್ಲಿ ಬಣ್ಣ ಬಂದಿರುತ್ತದೆ, ಕೆಳಗೆ ನದಿ, ಎರಡು ದಂಡೆಯಲ್ಲಿ ಎರಡು ದೇಶದ ದೀಪಗಳು. ವಿಚಿತ್ರವೆಂದರೆ ಇಲ್ಲಿ ಕೆನಡಾ ಇರುವುದು ದಕ್ಷಿಣಕ್ಕೆ. ನಕ್ಷೆಯನ್ನು ತಲೆಯಲ್ಲಿ ಇಟ್ಟುಕೊಂಡು ಓಡುವವರಿಗೆ ದಿಕ್ಕು ತಪ್ಪಿದಂತಾಗುತ್ತದೆ.

ಫೋಟೋ ತೆಗೆಯಲು ಎಲ್ಲರೂ ನಿಲ್ಲುವುದು ಆ ತುದಿಯಲ್ಲೇ. ಹಿಂದಿನವರು ಬಂದು ಗುದ್ದುತ್ತಾರೆ. ನಿಲ್ಲಲೇಬೇಕೆಂದರೆ ಅಂಚಿಗೆ ಸರಿದು, ಹಿಂದೆ ನೋಡಿ ನಿಲ್ಲಿ. ಸೇತುವೆಯ ಭಾಗಗಳು ಕೂಡುವಲ್ಲಿ ಲೋಹದ ಪಟ್ಟಿಗಳಿರುತ್ತವೆ, ಮಬ್ಬು ಬೆಳಕಿನಲ್ಲಿ ಕಾಣುವುದಿಲ್ಲ, ಇಬ್ಬನಿ ಬಿದ್ದಿದ್ದರೆ ಜಾರುತ್ತವೆ. ಹೆಜ್ಜೆ ಚಿಕ್ಕದಾಗಿಟ್ಟು ಪಾದ ಪೂರ್ತಿ ಊರಿ ದಾಟಬೇಕು.

ವಿಂಡ್ಸರ್‌ನ ನದಿ ದಂಡೆಯ ರಸ್ತೆ ಚಪ್ಪಟೆ, ಜನರ ಹುರುಪು ಚೆನ್ನಾಗಿದೆ. ಅಲ್ಲಿಂದ ವಾಪಸ್ ಬರುವುದು 1930ರ ಸುರಂಗದಲ್ಲಿ. ಇದನ್ನು ನೀರಡಿಯ ಮೈಲಿ ಎಂದು ಕರೆಯುತ್ತಾರೆ. ಸುರಂಗದ ಉದ್ದ ಸುಮಾರು 1.57 ಕಿ.ಮೀ., ಅಂದರೆ ಮೈಲಿಗೆ ತುಸು ಕಡಿಮೆ. ರಸ್ತೆಯ ಅತಿ ಕೆಳಗಿನ ಜಾಗ ನದಿಯ ಮೇಲ್ಮೈಗಿಂತ ಸುಮಾರು 23 ಮೀಟರ್ ಆಳದಲ್ಲಿದೆ. ಹೊರಗೆ ಏಳೆಂಟು ಡಿಗ್ರಿ ಚಳಿ, ಒಳಗೆ ಸಾವಿರಾರು ಮೈಗಳ ಉಸಿರು ಸೇರಿ ಸೆಕೆ, ಗಾಳಿ ಆಡುವುದಿಲ್ಲ. ಕಲಬುರಗಿಯವರಿಗೆ ಈ ಸೆಕೆ ಲೆಕ್ಕಕ್ಕಿಲ್ಲ. ಪೆಟ್ಟು ಬೀಳುವುದು ಹೊರಬಂದ ಮೇಲೆ: ಬೆವರಿದ ಬಟ್ಟೆಗೆ ತಣ್ಣನೆ ಗಾಳಿ ಬಡಿದು ತೊಡೆಯ ಸ್ನಾಯು ಹಿಡಿದುಕೊಳ್ಳುತ್ತದೆ. ಸುರಂಗಕ್ಕೆ ಇಳಿಯುವ ಮೊದಲೇ ಕೈಗವಸು ತೆಗೆದು ಸೊಂಟಕ್ಕೆ ಸಿಕ್ಕಿಸಿ, ಹೊರಗೆ ಬಂದು ಮತ್ತೆ ಹಾಕಿಕೊಳ್ಳಿ. ಹೊರಬರುವ ಏರು ಗಿಡ್ಡವಾದರೂ ಕಡಿದು, ಅಲ್ಲಿ ಪೇಸ್ (ಕಿ.ಮೀ.ಗೆ ತಗಲುವ ನಿಮಿಷದ ಲೆಕ್ಕ) ಹಿಡಿಯಲು ಹೋಗಬೇಡಿ.

ಒಳಗೆ ಗಡಿಯಾರದ ಜಿಪಿಎಸ್ ಸತ್ತುಹೋಗುತ್ತದೆ. ಹೊರಬಂದಮೇಲೂ ದೂರ ಹಿಂದೆಮುಂದೆ ಆಗಿರುತ್ತದೆ, ಆ ಹೊತ್ತಿನ ಪೇಸ್ ನಂಬುವಂತಿಲ್ಲ. ಲ್ಯಾಪ್ ಅನ್ನು ತಾನಾಗಿ ಎಣಿಸದಂತೆ ಆಫ್ ಮಾಡಿ, ಮೈಲಿಗಲ್ಲು ಕಂಡಾಗ ಕೈಯಿಂದ ಒತ್ತಿ. ಅಲ್ಲಿ ಲೆಕ್ಕ ಮೈಲಿಯಲ್ಲಿ. ಕಿ.ಮೀ.ಗೆ 6 ನಿಮಿಷದವರಿಗೆ ಮೈಲಿಗೆ 9 ನಿಮಿಷ 39 ಸೆಕೆಂಡ್, 7 ನಿಮಿಷದವರಿಗೆ 11 ನಿಮಿಷ 16 ಸೆಕೆಂಡ್. ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡರೆ ಸಾಕು.

ಡೆಟ್ರಾಯ್ಟ್‌ನ ದೊಡ್ಡ ಕೊರತೆ ಹೇಳಲೇಬೇಕು. ಸೇತುವೆ, ಸುರಂಗ ಎರಡೂ ಓಟದ ಮೊದಲ ಮೂರನೇ ಒಂದು ಭಾಗದಲ್ಲೇ ಮುಗಿದುಹೋಗುತ್ತವೆ. ಉಳಿದದ್ದು ಊರಿನ ಬೀದಿ, ಹಳೆಯ ಬಡಾವಣೆ, ನದಿ ದಂಡೆ. ಚೆನ್ನಾಗಿಯೇ ಇದೆ, ಆದರೆ 30ನೇ ಕಿಲೋಮೀಟರಿನಲ್ಲಿ ಕಾಲು ಭಾರವಾದಾಗ ಕಣ್ಣಿಗೆ ಹೊಸದಾಗಿ ಏನೂ ಸಿಗುವುದಿಲ್ಲ.

ಬೋಡೆನ್‌ಸೇ ಇದಕ್ಕೆ ತದ್ವಿರುದ್ಧ. ಲಿಂಡಾವ್ ಎಂಬುದು ಸರೋವರದೊಳಗಿನ ದ್ವೀಪದ ಊರು. ಬಂದರಿನ ಬಾಯಲ್ಲಿ ಒಂದು ಕಡೆ ಕಲ್ಲಿನ ಸಿಂಹ, ಇನ್ನೊಂದು ಕಡೆ ದೀಪಸ್ತಂಭ. ಅಲ್ಲಿಂದ ಹೊರಟು ದಂಡೆ ಹಿಡಿದು ಬ್ರೆಗೆಂಜ್, ನೀರಿನ ಮೇಲೆ ಕಟ್ಟಿದ ಅಲ್ಲಿನ ನಾಟಕ ವೇದಿಕೆಯ ಪಕ್ಕ, ಮುಂದೆ ಹಾರ್ಡ್ ಎಂಬ ಊರು, ರೈನ್ ನದಿ ದಾಟಿ ಪಶ್ಚಿಮಕ್ಕೆ, ಹಳೆಯ ರೈನ್ ದಾಟಿದರೆ ಸ್ವಿಟ್ಜರ್‌ಲೆಂಡ್‌ನ ಸೇಂಟ್ ಮಾರ್ಗ್ರೇಥೆನ್. ಮತ್ತೆ ಆಸ್ಟ್ರಿಯಾಕ್ಕೆ ಮರಳಿ ಬ್ರೆಗೆಂಜ್‌ನ ಕ್ರೀಡಾಂಗಣದಲ್ಲಿ ಮುಕ್ತಾಯ. ಗಡಿಗಳು ಓಟದುದ್ದಕ್ಕೂ ಹರಡಿಕೊಂಡಿವೆ, ಒಂದು ಮುಗಿಯಿತು ಎನ್ನುವಾಗ ಇನ್ನೊಂದು. ಮೂರನೆಯ ದೇಶ ಬೇಕೆಂದರೆ ಪೂರ್ಣ ಮ್ಯಾರಥಾನೇ ಓಡಬೇಕು. ಕಾಲು ಮ್ಯಾರಥಾನಿನವರ ಓಟ ಬ್ರೆಗೆಂಜ್‌ಗೇ ಮುಗಿಯುತ್ತದೆ.

ಏರು ಇಲ್ಲವೆಂದೇ ಹೇಳಬಹುದು. ಸರೋವರದ ಮಟ್ಟ ಸಮುದ್ರಕ್ಕಿಂತ ಸುಮಾರು 395 ಮೀಟರ್, ನಮ್ಮ ಕಲಬುರಗಿ ಅದಕ್ಕಿಂತ ಎತ್ತರದಲ್ಲಿದೆ. ತೊಂದರೆ ಬೇರೆ ಎರಡು. ದ್ವೀಪದ ಓಣಿಗಳು ಕಿರಿದು, ಮೊದಲ ಎರಡು ಕಿಲೋಮೀಟರ್ ಎಷ್ಟೇ ತಿಣುಕಿದರೂ ನಿಮ್ಮ ಪೇಸ್ ಸಿಗದು. ಎಡಬಲಕ್ಕೆ ನುಗ್ಗಿ ಮುಂದೆ ಹೋಗುವವರು ಆ ಶಕ್ತಿಗೆ 35ನೇ ಕಿಲೋಮೀಟರಿನಲ್ಲಿ ಬಡ್ಡಿ ಕಟ್ಟುತ್ತಾರೆ. ಎರಡನೆಯದು ಗಾಳಿ. ರೈನ್ ಕಣಿವೆಗೆ ಆಲ್ಪ್ಸ್ ಕಡೆಯಿಂದ ಫ್ಯೋನ್ ಎಂಬ ಒಣ, ಬೆಚ್ಚನೆಯ ದಕ್ಷಿಣದ ಗಾಳಿ ನುಗ್ಗುತ್ತದೆ. ಅದು ಬೀಸಿದ ದಿನ ನದಿಯ ಬಯಲಿನಲ್ಲಿ ಒಬ್ಬರೇ ಓಡಬೇಡಿ, ನಿಮ್ಮದೇ ವೇಗದ ನಾಲ್ಕು ಮಂದಿಯ ಗುಂಪಿನ ಹಿಂದೆ ಸೇರಿಕೊಳ್ಳಿ.

ಮೊಬೈಲ್ ವಿಷಯದಲ್ಲಿ ಇಲ್ಲಿ ಸಣ್ಣದೊಂದು ಬಲೆ. ಸ್ವಿಟ್ಜರ್‌ಲೆಂಡ್ ಯುರೋಪ್ ಒಕ್ಕೂಟದಲ್ಲಿಲ್ಲ, ಹಲವು ಯುರೋಪ್ ಪ್ಯಾಕ್‌ಗಳಲ್ಲಿ ಅದು ಸೇರಿರುವುದಿಲ್ಲ. ದಂಡೆಯಲ್ಲಿ ನಿಂತರೆ ಫೋನು ಆಚೆ ದಡದ ಸ್ವಿಸ್ ಟವರ್ ಹಿಡಿದುಬಿಡುತ್ತದೆ. ಪ್ಯಾಕ್ ಕೊಳ್ಳುವಾಗಲೇ ಪಟ್ಟಿ ನೋಡಿ, ಇಲ್ಲದಿದ್ದರೆ ಡೇಟಾ ಆಫ್ ಮಾಡಿ ಓಡಿ.

ತಯಾರಿ ನಮ್ಮ ನೆಲದಲ್ಲಿ

ಅಕ್ಟೋಬರ್ ಓಟಕ್ಕೆ 16 ವಾರ ಹಿಂದೆ ಎಣಿಸಿದರೆ ಜೂನ್. ಬೇಸಿಗೆಯ ಕಡುಬಿಸಿಲು ತಪ್ಪುತ್ತದೆ, ಮಳೆ ತಪ್ಪುವುದಿಲ್ಲ. ಒಂದು ಹದ ಮಳೆ ಬಿದ್ದರೆ ಕಲಬುರಗಿಯ ಎರೆ ಹೊಲದ ದಾರಿಗಳು ಮುಗಿದಂತೆ. ಎರೆ ಮಣ್ಣು ಶೂ ತಳಕ್ಕೆ ಪದರ ಪದರವಾಗಿ ಅಂಟಿ ಒಂದೊಂದು ಕಾಲೂ ಅರ್ಧ ಕಿಲೋ ಹೆಚ್ಚಾಗುತ್ತದೆ, ಹಿಮ್ಮಡಿ ಎತ್ತಲಾಗದೆ ಮೀನಖಂಡ ಎಳೆಯುತ್ತದೆ. ಆ ತಿಂಗಳುಗಳಲ್ಲಿ ಡಾಂಬರು, ಕಾಂಕ್ರೀಟೇ ಗತಿ. ಚಿಕ್ಕ ಓಟಕ್ಕೆ ಅಪ್ಪನ ಕೆರೆಯ ಸುತ್ತು, ಉದ್ದದ್ದಕ್ಕೆ ವಿಶ್ವವಿದ್ಯಾಲಯದ ಆವರಣದ ರಸ್ತೆಗಳು. ಬೋಡೆನ್‌ಸೇಗೆ ಇಷ್ಟು ಸಾಕು, ಏಕೆಂದರೆ ಅದೂ ಹೀಗೆಯೇ ಚಪ್ಪಟೆ.

ಡೆಟ್ರಾಯ್ಟ್‌ಗೆ ಮಾತ್ರ ಬೀದರ್‌ಗೆ ಹೋಗಬೇಕು. ಊರು ಪ್ರಸ್ಥಭೂಮಿಯ ಅಂಚಿನಲ್ಲಿದೆ, ಬಹಮನಿ ಸಮಾಧಿಗಳಿರುವ ಅಷ್ಟೂರು ಕೆಳಗೆ. ನಡುವಿನ ಇಳಿಜಾರು ಸೇತುವೆಯ ತಾಲೀಮಿಗೆ ಹೇಳಿ ಮಾಡಿಸಿದಂತಿದೆ, ಜಂಬಿಟ್ಟಿಗೆ ನೆಲವಾದ್ದರಿಂದ ಮೇಲೆ ಊರ ಕಡೆ ನೀರು ಬೇಗ ಇಂಗುತ್ತದೆ. ಒಂದು ಎಚ್ಚರಿಕೆ: ಊರಿಂದ ಹೊರಟರೆ ಮೊದಲು ಇಳಿಜಾರು, ಆಮೇಲೆ ಏರು ಬರುತ್ತದೆ. ಸೇತುವೆಯಲ್ಲಿ ಅದು ತಿರುವುಮುರುವು. ಹಾಗಾಗಿ ವಾಹನವನ್ನು ಅಷ್ಟೂರಿನಲ್ಲಿ ನಿಲ್ಲಿಸಿ, ಚಪ್ಪಟೆಯಲ್ಲಿ 3 ಕಿ.ಮೀ. ಮೈ ಬಿಸಿ ಮಾಡಿಕೊಂಡು, ಆಮೇಲೆ ಏರಿ, ತಡೆಯದೆ ಇಳಿಯಿರಿ. ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ. ಏರಿನಲ್ಲಿ ಕಿ.ಮೀ.ಗೆ 20ರಿಂದ 30 ಸೆಕೆಂಡ್ ನಿಧಾನ. ಇಳಿಯುವಾಗ ಅದರ ಅರ್ಧ ಮಾತ್ರ ಹಿಂದೆ ಪಡೆಯಿರಿ. ಪೂರ್ತಿ ಪಡೆಯಲು ಹೋದರೆ ತೊಡೆಯ ಮುಂಭಾಗ ಏಟು ತಿಂದು, ಅದರ ನೋವು ಓಟದ ಕೊನೆಯಲ್ಲಿ ತಲೆ ಎತ್ತುತ್ತದೆ.

ಚಳಿಗೆ ಇಲ್ಲಿ ತಾಲೀಮು ಸಾಧ್ಯವಿಲ್ಲ. ಸೆಪ್ಟೆಂಬರಿನ ನಸುಕಿನಲ್ಲೂ ಕಲಬುರಗಿ 22 ಡಿಗ್ರಿ ಆಸುಪಾಸು. ಅದರಿಂದಾಗುವ ಅಪಾಯ ನಡುಕವಲ್ಲ, ಮೋಸ. ತಂಪಿನಲ್ಲಿ ಎದೆಬಡಿತ ಕಡಿಮೆಯಾಗಿ, ಉಸಿರು ಹಗುರಾಗಿ, ಮೊದಲ ಹತ್ತು ಕಿಲೋಮೀಟರ್ ಹಾರಿದಂತೆ ಅನಿಸುತ್ತದೆ. ಮೊದಲ 5 ಕಿ.ಮೀ. ಗುರಿಗಿಂತ 10–15 ಸೆಕೆಂಡ್ ನಿಧಾನ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಳ್ಳಿ. ಎಸೆದರೂ ಸಂಕಟವಾಗದಂಥ ಹಳೆ ಸ್ವೆಟರ್ ಒಂದು ಒಯ್ಯಿರಿ.

ಊಟದ ಮಾತು. ಓಟಕ್ಕೆ ಎರಡು ದಿನ ಮೊದಲಿನಿಂದ ಜೋಳದ ರೊಟ್ಟಿ, ಪುಂಡಿ ಪಲ್ಯ, ಕಾಳಿನ ಪಲ್ಯ ಬಿಡಬೇಕು. ನಾರು ಹೆಚ್ಚು, ಓಡುವಾಗ ಹೊಟ್ಟೆ ಕೆಡುತ್ತದೆ. ಅನ್ನವೇ ಸರಿ. ಯುರೋಪ್ ಒಕ್ಕೂಟದೊಳಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ತುಪ್ಪ, ಪೇಡೆ ಮನೆಯಲ್ಲೇ ಇರಲಿ. ಅವಲಕ್ಕಿ, ಶೇಂಗಾ ಚಿಕ್ಕಿ ನಡೆಯುತ್ತದೆ. ಓಡುವಾಗ ತಾಸಿಗೆ 30ರಿಂದ 60 ಗ್ರಾಂ ಪಿಷ್ಟ ಸಾಲುತ್ತದೆ. ಚಳಿಗೆ ಬೆಲ್ಲ ಕಲ್ಲಾಗುತ್ತದೆ, ಓಟಗಾರರು ಹೀರುವ ಸಕ್ಕರೆಯ ಜೆಲ್ ಗಟ್ಟಿಯಾಗುತ್ತದೆ. ಜೆಲ್ ಅನ್ನು ಮೈಗೆ ಹತ್ತಿದ ಜೇಬಿನಲ್ಲಿಡಿ.

ಹೊತ್ತಿನ ಲೆಕ್ಕದಲ್ಲೂ ವ್ಯತ್ಯಾಸ ದೊಡ್ಡದು. ಬೋಡೆನ್‌ಸೇ ನಮಗಿಂತ ಮೂರೂವರೆ ತಾಸು ಹಿಂದೆ, ಓಟವೂ ಹೊತ್ತೇರಿದ ಮೇಲೆ. ಮೂರು ದಿನ ಮೊದಲು ಇಳಿದರೆ ನಿದ್ದೆ ಹೊಂದಿಕೊಳ್ಳುತ್ತದೆ. ಡೆಟ್ರಾಯ್ಟ್ ಒಂಬತ್ತೂವರೆ ತಾಸು ಹಿಂದೆ, ಐದಾರು ದಿನವಾದರೂ ಬೇಕು. ತಂಗುವ ವಿಷಯದಲ್ಲಿ ಮಾತ್ರ ಡೆಟ್ರಾಯ್ಟ್ ಸುಲಭ: ಆರಂಭ, ಮುಕ್ತಾಯ ಎರಡೂ ಊರ ನಡುವೆ, ಹೋಟೆಲಿನಿಂದ ನಡೆದೇ ಹೋಗಬಹುದು. ಬೋಡೆನ್‌ಸೇಯಲ್ಲಿ ಬ್ರೆಗೆಂಜ್‌ನಲ್ಲೇ ರೂಮು ಹಿಡಿಯಿರಿ. ಬೆಳಗ್ಗೆ ರೈಲಿನಲ್ಲಿ ಲಿಂಡಾವ್ ದ್ವೀಪದ ನಿಲ್ದಾಣಕ್ಕೆ ಹೋಗುವುದು ಸಲೀಸು. ಓಟ ಮುಗಿದ ಮೇಲೆ ನೋಯುವ ಕಾಲಲ್ಲಿ ರೈಲು ನಿಲ್ದಾಣದ ಮೆಟ್ಟಿಲು ಇಳಿಯುವುದು ಸಲೀಸಲ್ಲ.

ಮೊದಲ ಸಲ ಹೊರದೇಶದಲ್ಲಿ ಓಡುವವರಿಗೆ, ಒಳ್ಳೆಯ ಟೈಮಿಂಗ್ ಬೇಕೆನ್ನುವವರಿಗೆ ಬೋಡೆನ್‌ಸೇ. ಟೈಮಿಂಗ್ ಗೊಡವೆ ಬಿಟ್ಟು ಸೇತುವೆಯ ತುದಿಯಲ್ಲಿ ಬೆಳಗು ನೋಡಬೇಕೆನ್ನುವವರು, ವೀಸಾ ಕೈಯಲ್ಲಿದ್ದವರು ಡೆಟ್ರಾಯ್ಟ್‌ಗೆ ಹೋಗಲಿ. ಆದರೆ ಕೆನಡಾ ವೀಸಾ ಬರುವ ಮೊದಲೇ ವಿಮಾನದ ಟಿಕೆಟ್ ತೆಗೆಯಬೇಡಿ.